ಬಿಲ್ಲಿನ ಯಂತ್ರಕ್ಕೆ ದರದ ನಿಯಮ: ಕೋಲಾರ ಸೀಮೆಯ ಹಾಲಿನ ಸಂಘಗಳಿಂದ ನಾವು ಕಲಿಯಬೇಕಾದುದು

ಕಳೆದ ಕೊಯ್ಲಿನ ಕಾಲದಲ್ಲಿ ನಮ್ಮ ಸಂಘದ ಗೋದಾಮಿಗೆ 12 ಮೂಟೆ ರೊಬಸ್ಟಾ ಚೆರಿ ತಂದಿದ್ದ ಸದಸ್ಯರೊಬ್ಬರು ಎರಡು ದಿನ ಬಿಟ್ಟು ಬಿಲ್ಲನ್ನು ಹಿಡಿದುಕೊಂಡು ಕಚೇರಿಗೆ ಬಂದರು. ಜಗಳಕ್ಕೆ ಬಂದವರಲ್ಲ. ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಲೆಕ್ಕ ಹಾಕಿಕೊಂಡು ಬಂದಿದ್ದರು. "ತೇವ ಜಾಸ್ತಿ ಅಂತ ತೂಕದಲ್ಲಿ ಒಂದ್ಸಲ ಕಳೆದಿದ್ದೀರಿ, ಸರಿ. ದರದಲ್ಲಿ ಮತ್ತೆ ಯಾಕೆ ಸ್ವಾಮಿ ಕಳೆದಿರಿ?" ಎಂದು ಕೇಳಿದರು. ಕಾರ್ಯದರ್ಶಿಗಳು ಕೂತು ನೋಡಿದರೆ ಅವರ ಲೆಕ್ಕವೇ ಸರಿ. ಬಿಲ್ಲಿನಲ್ಲಿ 1,829 ರೂ. 94 ಪೈಸೆ ಕಡಿಮೆ ಬಂದಿತ್ತು. ಆ ಹಣವನ್ನು ಕೂಡಲೆ ಹಿಂತಿರುಗಿಸಲಾಯಿತು.

ಇಲ್ಲಿ ಯಾರೂ ಮೋಸ ಮಾಡಿರಲಿಲ್ಲ. ತೇವಾಂಶಕ್ಕೆ ತೂಕ ಕಡಿತ ಮಾಡುವ ನಿಯಮ ಹಿಂದಿನಿಂದ ಗಣಕಯಂತ್ರದಲ್ಲಿತ್ತು. ತೇವಾಂಶಕ್ಕೆ ದರ ಕಡಿತ ಮಾಡುವ ನಿಯಮವನ್ನು ಹೊಸದಾಗಿ ಸೇರಿಸಿದರು. ಹಳೆಯದನ್ನು ತೆಗೆಯಲು ಮರೆತರು. ಯಂತ್ರವು ಎರಡನ್ನೂ ನಿಷ್ಠೆಯಿಂದ ಪಾಲಿಸಿತು. ಪೆನ್ಸಿಲ್ ಹಿಡಿದು ಲೆಕ್ಕ ಹಾಕದೆ ಹೋದ ಸದಸ್ಯರ ಗತಿ ಏನೆಂಬ ಪ್ರಶ್ನೆ ಆಗ ನಮ್ಮ ಮುಂದೆ ಬಂತು. ಆ ಅವಧಿಯ ಬಿಲ್ಲುಗಳನ್ನೆಲ್ಲ ತೆಗೆದು ಪುನಃ ಲೆಕ್ಕ ಮಾಡಬೇಕಾಯಿತು. ಈ ಲೇಖನಕ್ಕೆ ಆ ಪ್ರಸಂಗವೇ ಕಾರಣ.

ಗಣಕಯಂತ್ರದಲ್ಲಿ ದರದ ನಿಯಮಗಳನ್ನು ಹಾಕುವುದೆಂದರೆ ಏನು, ಹಾಕುವಾಗ ಎಲ್ಲೆಲ್ಲಿ ಎಡವುತ್ತೇವೆ ಎಂಬುದನ್ನು ತಿಳಿಯಲು ಕಾಫಿ, ಅಡಿಕೆಗಳಿಗಿಂತ ಹಾಲಿನ ವ್ಯವಹಾರವೇ ಒಳ್ಳೆಯ ಪಾಠಶಾಲೆ. ನಾವು ವರ್ಷಕ್ಕೆ ನಾಲ್ಕಾರು ಸಲ ಮಾಲು ಹಾಕುತ್ತೇವೆ. ಹಾಲು ಹಾಕುವವರು ದಿನಕ್ಕೆ ಎರಡು ಸಲ ಹಾಕುತ್ತಾರೆ. ಒಂದು ತಪ್ಪು ನಿಯಮ ಅಲ್ಲಿ ತಿಂಗಳಿಗೆ 60 ಸಲ ಕಚ್ಚುತ್ತದೆ. ಆದುದರಿಂದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಾಲಿನ ಸಂಘಗಳ ರೀತಿಯನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ.

ಹರಾಜಿನ ಬೆಲೆ, ನಿಯಮದ ಬೆಲೆ

ಕೋಲಾರ ಸೀಮೆಗೆ ಹಾಲು, ರೇಷ್ಮೆ, ಚಿನ್ನದ ನಾಡೆಂದು ಹೆಸರು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ವರ್ಷವಿಡೀ ಹರಿಯುವ ನದಿಯಿಲ್ಲದ, ಕೊಳವೆಬಾವಿಯನ್ನೇ ನಂಬಿದ ಈ ಸೀಮೆಯಲ್ಲಿ ಬೆಳೆ ಕೈಕೊಟ್ಟ ವರ್ಷವೂ ಮನೆ ನಡೆಸುವುದು ಹಾಲು. ಆ ಜಿಲ್ಲೆಯವರೇ ಆದ ಎಂ.ವಿ. ಕೃಷ್ಣಪ್ಪನವರಂಥವರು ಹೈನುಗಾರಿಕೆಗೆ ಹುರುಪು ಕೊಟ್ಟರು. 1974ರಿಂದ ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಆಣಂದ್ ಮಾದರಿಯ ಸಹಕಾರ ಸಂಘಗಳು ರಾಜ್ಯದ ಈ ಭಾಗದಲ್ಲಿ ಊರೂರಿಗೆ ಬಂದವು.

ಅಲ್ಲಿಯ ಒಬ್ಬ ರೈತನನ್ನು ನೆನೆಯಿರಿ. ಅವನ ಟೊಮೆಟೊ ಕೋಲಾರದ ಮಾರುಕಟ್ಟೆಗೋ ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿ ಮಾರುಕಟ್ಟೆಗೋ ಹೋಗುತ್ತದೆ. ಅಲ್ಲಿ ಬೆಲೆ ಹರಾಜಿನಲ್ಲಿ ಹುಟ್ಟುತ್ತದೆ. 2023ರ ಜುಲೈನಲ್ಲಿ 15 ಕೆ.ಜಿ.ಯ ಬಾಕ್ಸು 2,000 ರೂಪಾಯಿ ದಾಟಿದ್ದೂ ಹರಾಜಿನಲ್ಲೇ. ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದ ದಿನಗಳ ಬೆಲೆಯೂ ಹರಾಜಿನದೇ. ಶ್ರೀನಿವಾಸಪುರದ ಮಾವು, ಮಾಲೂರಿನ ತರಕಾರಿ, ರೇಷ್ಮೆಗೂಡು, ಇವೆಲ್ಲಕ್ಕೂ ಕೊಳ್ಳುವವನ ಕೂಗೇ ಬೆಲೆ. ಅದೇ ರೈತನ ಮನೆಯಿಂದ ಬೆಳಿಗ್ಗೆ ಕ್ಯಾನಿನಲ್ಲಿ ಡೈರಿಗೆ ಹೋಗುವ ಹಾಲಿಗೆ ಕೂಗಿಲ್ಲ. ಅಲ್ಲಿ ಬೆಲೆಯು ನಿಯಮದಿಂದ ಬರುತ್ತದೆ. ಇಷ್ಟು ಕೊಬ್ಬಿದ್ದರೆ ಇಷ್ಟು, ಇಷ್ಟು ಘನಾಂಶವಿದ್ದರೆ ಇಷ್ಟು ಎಂದು ಮುಂಚೆಯೇ ಗೊತ್ತಾಗಿರುತ್ತದೆ.

ಈ ಭೇದವನ್ನು ನಾವು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಅಡಿಕೆಯನ್ನು ಟೆಂಡರಿನಲ್ಲಿ ಮಾರುವಾಗ ರಾಶಿ, ಬೆಟ್ಟೆ, ಗೊರಬಲು, ಚಾಲಿ ಎಂದು ದರ್ಜೆ ಹಿಡಿಯುವುದು ಕಣ್ಣು ಮತ್ತು ಕೈ; ಬೆಲೆ ಹಿಡಿಯುವುದು ಟೆಂಡರು. ಅಲ್ಲಿ ಗಣಕಯಂತ್ರದ ಕೆಲಸ ತೂಕ, ಹಮಾಲಿ, ಗೋದಾಮು ಬಾಡಿಗೆ, ಮುಂಗಡದ ಬಡ್ಡಿ ಇವುಗಳ ಲೆಕ್ಕಕ್ಕೆ ಸೀಮಿತ. ಕಾಫಿಯನ್ನು ಔಟ್‌ಟರ್ನ್ ಲೆಕ್ಕದಲ್ಲಿ ಸಂಘವೇ ಕೊಳ್ಳುವಾಗ ಮಾತ್ರ ಹಾಲಿನಂತೆ ಬೆಲೆಯೇ ನಿಯಮದಿಂದ ಹುಟ್ಟುತ್ತದೆ. ಯಾವುದಕ್ಕೆ ನಿಯಮ ಹಾಕಬೇಕು, ಯಾವುದನ್ನು ಮನುಷ್ಯನ ತೀರ್ಮಾನಕ್ಕೆ ಬಿಡಬೇಕು ಎಂದು ತಿಳಿಯುವುದೇ ಮೊದಲನೆಯ ಕೆಲಸ.

ನಿಯಮದ ಬೆಲೆ ಕಾಫಿ ಬೆಳೆಗಾರರಿಗೆ ಹೊಸದೇನಲ್ಲ. 1940ರ ದಶಕದಿಂದ 1990ರ ದಶಕದ ಮಧ್ಯದವರೆಗೆ ಕಾಫಿ ಮಂಡಳಿಯ ಪೂಲಿಗೆ ಕಾಫಿ ಹಾಕಿದ ಹಿರಿಯರಿಗೆ ಪಾಯಿಂಟಿನ ಲೆಕ್ಕ ನೆನಪಿದ್ದೀತು. ದರ್ಜೆಗೆ ಇಷ್ಟು ಪಾಯಿಂಟು, ಪಾಯಿಂಟಿಗೆ ಇಷ್ಟು ರೂಪಾಯಿ, ಹಣ ಕಂತುಕಂತಾಗಿ. ಆಗ ಲೆಕ್ಕ ಕಾಗದದ ಮೇಲಿತ್ತು, ಈಗ ಯಂತ್ರದ ಒಳಗಿದೆ. ಕಾಗದದ ಮೇಲಿನ ತಪ್ಪು ಹತ್ತು ಜನರ ಕಣ್ಣಿಗೆ ಬೀಳುತ್ತಿತ್ತು. ಯಂತ್ರದ ಒಳಗಿನ ತಪ್ಪು ಹಾಗೆ ಬೀಳುವುದಿಲ್ಲ.

ಹಾಲಿನ ಚೀಟಿಯ ಒಳಗೇನಿದೆ

ಹಾಲನ್ನು ಬರಿಯ ಅಳತೆಯ ಮೇಲೆ ಕೊಂಡರೆ ನೀರು ಬೆರೆಸಿದವನಿಗೆ ಲಾಭ, ಬೆರೆಸದವನಿಗೆ ನಷ್ಟ. ಆದುದರಿಂದ ಕೊಬ್ಬನ್ನು, ಅಂದರೆ ಡೈರಿಯಲ್ಲಿ ಎಲ್ಲರೂ ಹೇಳುವ ಫ್ಯಾಟನ್ನು, ಅಳೆಯುವ ಕ್ರಮ ಬಂತು. ಸ್ವಿಟ್ಜರ್ಲೆಂಡಿನ ಗರ್ಬರ್ ಎಂಬವರು 1890ರ ದಶಕದ ಆರಂಭದಲ್ಲಿ ಕಂಡುಹಿಡಿದ ಕ್ರಮದಲ್ಲಿ ಗಂಧಕಾಮ್ಲ, ಹಾಲು, ಅಮೈಲ್ ಆಲ್ಕೋಹಾಲ್ ಇವನ್ನು ಗಾಜಿನ ನಳಿಕೆಗೆ ಹಾಕಿ ತಿರುಗಿಸಿದರೆ ಕೊಬ್ಬು ಮೇಲೆ ನಿಲ್ಲುತ್ತದೆ. ಅದನ್ನು ಗೆರೆಯ ಮೇಲೆ ಓದುತ್ತಾರೆ. ಕೊಬ್ಬನ್ನು ಬಿಟ್ಟ ಉಳಿದ ಘನಾಂಶಕ್ಕೆ ಎಸ್.ಎನ್.ಎಫ್. ಎನ್ನುತ್ತಾರೆ. ಲ್ಯಾಕ್ಟೋಮೀಟರಿನ ಡಿಗ್ರಿ ಮತ್ತು ಫ್ಯಾಟು ಎರಡನ್ನೂ ಸೂತ್ರಕ್ಕೆ ಹಾಕಿ ಅದನ್ನು ಲೆಕ್ಕ ಮಾಡಬಹುದು. ಈಗ ಹಲವು ಸಂಘಗಳಲ್ಲಿ ತಕ್ಕಡಿ, ಹಾಲು ಪರೀಕ್ಷಿಸುವ ಯಂತ್ರ, ಗಣಕಯಂತ್ರ ಮೂರನ್ನೂ ಜೋಡಿಸಿದ್ದಾರೆ. ಒಂದೆರಡು ನಿಮಿಷದಲ್ಲಿ ಚೀಟಿ ಕೈಗೆ ಬರುತ್ತದೆ.

ಚೀಟಿಯ ಲೆಕ್ಕ ಹೀಗೆ. ಇಲ್ಲಿ ಕೊಟ್ಟಿರುವ ದರಗಳು ಲೆಕ್ಕ ತಿಳಿಯಲು ಹಿಡಿದವು, ಯಾವ ಒಕ್ಕೂಟದ ದರವೂ ಅಲ್ಲ. ಫ್ಯಾಟು 3.5, ಎಸ್.ಎನ್.ಎಫ್. 8.5 ಇರುವ ಹಾಲಿಗೆ ಲೀಟರಿಗೆ 30 ರೂ. ಮೂಲದರವೆಂದು ಇಟ್ಟುಕೊಳ್ಳೋಣ. ಫ್ಯಾಟು 0.1 ಹೆಚ್ಚಿದಂತೆ 25 ಪೈಸೆ ಕೂಡಬೇಕು. ಎಸ್.ಎನ್.ಎಫ್. 0.1 ಇಳಿದರೆ 30 ಪೈಸೆ ಕಳೆಯಬೇಕು. ಒಬ್ಬಾಕೆ ತಂದ ಹಾಲು 7.4 ಲೀಟರು, ಫ್ಯಾಟು 4.1, ಎಸ್.ಎನ್.ಎಫ್. 8.4. ಫ್ಯಾಟಿಗೆ 1 ರೂ. 50 ಪೈಸೆ ಕೂಡಿತು, ಎಸ್.ಎನ್.ಎಫ್.ಗೆ 30 ಪೈಸೆ ಕಳೆಯಿತು. ದರ 31 ರೂ. 20 ಪೈಸೆ, ಮೊತ್ತ 230 ರೂ. 88 ಪೈಸೆ.

ನಿಯಮವೆಂದರೆ ಇಷ್ಟೇ. ಮೂಲದರ, ಅಳತೆ, ಕೂಡುವುದು, ಕಳೆಯುವುದು. ಆದರೆ ಈ ಸರಳ ಲೆಕ್ಕದಲ್ಲಿಯೇ ಎಡವುವ ಜಾಗಗಳು ಅಡಗಿವೆ.

ಎಡವುವ ಜಾಗಗಳು

ಮೊದಲನೆಯದು ಮಾನ. ತಕ್ಕಡಿಯು ಕೆ.ಜಿ. ತೋರಿಸುತ್ತದೆ, ದರ ಇರುವುದು ಲೀಟರಿಗೆ. ಒಂದು ಲೀಟರು ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. ಮೇಲಿನ 7.4 ಎಂಬುದು ಕೆ.ಜಿ.ಯಾಗಿದ್ದರೆ ಅದು 7.18 ಲೀಟರು ಮಾತ್ರ, ಮೊತ್ತ 224 ರೂ. 02 ಪೈಸೆ. ಒಂದೇ ಹೊತ್ತಿಗೆ ಸುಮಾರು 7 ರೂಪಾಯಿಯ ಅಂತರ. ನಮ್ಮಲ್ಲಿ 50 ಕೆ.ಜಿ.ಯ ಮೂಟೆ, ಕೆ.ಜಿ., ಕ್ವಿಂಟಾಲು ಮೂರೂ ಬಳಕೆಯಲ್ಲಿವೆ. ದರದ ಪಕ್ಕದಲ್ಲಿ ಅದು ಯಾವುದಕ್ಕೆ ಎಂದು ಬರೆಯದ ನಿಯಮವನ್ನು ಯಂತ್ರಕ್ಕೆ ಹಾಕಲೇಬಾರದು.

ಎರಡನೆಯದು ಚಿಲ್ಲರೆ ಬಿಡುವುದು. ಯಂತ್ರವು ಫ್ಯಾಟು 4.18 ಎಂದು ಓದಿದರೆ 4.1 ಎನ್ನಬೇಕೋ 4.2 ಎನ್ನಬೇಕೋ? ಯಾವಾಗಲೂ ಕೆಳಕ್ಕೆ ಇಳಿಸುವ ನಿಯಮವಿದ್ದರೆ ನಮ್ಮ ಉದಾಹರಣೆಯಲ್ಲಿ ಲೀಟರಿಗೆ 25 ಪೈಸೆ, 7.4 ಲೀಟರಿಗೆ 1 ರೂ. 85 ಪೈಸೆ ಹೋಗುತ್ತದೆ. ತಿಂಗಳ 60 ಹೊತ್ತೂ ಹೀಗಾದರೆ 111 ರೂ. ಆ ಹಣ ಮಾಯವಾಗುವುದಿಲ್ಲ, ಸಂಘದ ಉಳಿತಾಯಕ್ಕೆ ಸೇರುತ್ತದೆ, ವರ್ಷದ ಕೊನೆಗೆ ಬೋನಸ್ಸಾಗಿ ಬಂದರೂ ಬರಬಹುದು. ಆದರೆ ಕಳೆದುಕೊಂಡವರಿಗೆ ಕಳೆದುಕೊಂಡಷ್ಟೇ ಬರುತ್ತದೆಂಬ ಭರವಸೆಯಿಲ್ಲ. ಕಾಫಿಯಲ್ಲಿ ಇದು ಇನ್ನೂ ದೊಡ್ಡದು. 250 ಗ್ರಾಂ ಚೆರಿಯ ಮಾದರಿಯಲ್ಲಿ 130 ಗ್ರಾಂ ಕಾಳು ಬಂದರೆ 50 ಕೆ.ಜಿ. ಮೂಟೆಗೆ ಔಟ್‌ಟರ್ನ್ 26. ಕಾಳು 131 ಗ್ರಾಂ ಬಂದರೆ 26.2. ಔಟ್‌ಟರ್ನಿನ ಒಂದು ಅಂಕಕ್ಕೆ 300 ರೂ. ಎಂದು ಹಿಡಿದರೆ ಆ ಒಂದು ಗ್ರಾಮಿಗೆ ಮೂಟೆಗೆ 60 ರೂ. ಚಿಲ್ಲರೆಯನ್ನು ಎಷ್ಟನೆಯ ದಶಾಂಶಕ್ಕೆ ಬಿಡಬೇಕೆಂಬುದು ಕಾರಕೂನರ ಇಷ್ಟಕ್ಕೆ ಬಿಡುವ ವಿಷಯವಲ್ಲ.

ಮೂರನೆಯದು ಗಡಿ. "ತೇವಾಂಶ 11ರವರೆಗೆ ಕಡಿತವಿಲ್ಲ, 11ರಿಂದ 12ರವರೆಗೆ ಇಷ್ಟು" ಎಂದು ಬರೆದರೆ ಸರಿಯಾಗಿ 11 ಇದ್ದ ಕಾಫಿ ಎರಡೂ ಕಡೆ ಬೀಳುತ್ತದೆ. "11ಕ್ಕಿಂತ ಕಡಿಮೆ" ಮತ್ತು "11ಕ್ಕಿಂತ ಹೆಚ್ಚು" ಎಂದು ಬರೆದರೆ ಯಾವ ಕಡೆಯೂ ಬೀಳುವುದಿಲ್ಲ. ಮನುಷ್ಯ ಇದನ್ನು ವಿವೇಕದಿಂದ ಸರಿಪಡಿಸಿಕೊಳ್ಳುತ್ತಾನೆ. ಯಂತ್ರಕ್ಕೆ ಆ ವಿವೇಕವಿಲ್ಲ. "11 ಸೇರಿ ಅಲ್ಲಿಯವರೆಗೆ", "11 ದಾಟಿ 12 ಸೇರಿ ಅಲ್ಲಿಯವರೆಗೆ" ಎಂದು ಬಿಡಿಸಿ ಹೇಳಬೇಕು.

ನಾಲ್ಕನೆಯದು, ನಮ್ಮನ್ನು ಬೀಳಿಸಿದ್ದು, ಒಂದೇ ಕೊರತೆಗೆ ಎರಡು ಕಡಿತ. ಆ 12 ಮೂಟೆಯ ಲೆಕ್ಕವನ್ನೇ ನೋಡಿರಿ. ತೂಕ 600 ಕೆ.ಜಿ., ತೇವಾಂಶ 13, ಇರಬೇಕಾದುದು 11. ನೂರರಲ್ಲಿ 13 ನೀರು ಹೋದರೆ ಒಣ ಭಾಗ 87, ಅಂದರೆ 522 ಕೆ.ಜಿ. ಅದು 11ರ ತೇವದಲ್ಲಿದ್ದರೆ 522ನ್ನು 0.89ರಿಂದ ಭಾಗಿಸಿ 586.52 ಕೆ.ಜಿ. ಔಟ್‌ಟರ್ನ್ 26, ಅಂಕಕ್ಕೆ 300 ರೂ.ನಂತೆ ಮೂಟೆಗೆ 7,800 ರೂ., ಕೆ.ಜಿ.ಗೆ 156 ರೂ. ಸರಿಯಾದ ಮೊತ್ತ 91,497 ರೂ. 12 ಪೈಸೆ. ಯಂತ್ರವು ಇದರ ಮೇಲೆ ದರದಲ್ಲಿಯೂ ನೂರಕ್ಕೆ 2 ಇಳಿಸಿ 89,667 ರೂ. 18 ಪೈಸೆ ಎಂದು ಬರೆಯಿತು. ಎರಡು ನಿಯಮಗಳು ಒಂದೇ ಸರಕಿಗೆ ತಗಲುವಂತಿದ್ದರೆ ಯಾವುದು ನಡೆಯಬೇಕು, ಯಾವುದು ನಿಲ್ಲಬೇಕು ಎಂಬುದನ್ನೂ ನಿಯಮದಲ್ಲಿಯೇ ಹೇಳಬೇಕು. ಅಲ್ಲದೆ ಔಟ್‌ಟರ್ನಿನ ಮಾದರಿಯನ್ನು ಇದ್ದ ತೇವದಲ್ಲಿಯೇ ತೂಗಿದ್ದೋ ಒಣಗಿಸಿ ತೂಗಿದ್ದೋ ಎಂಬುದೂ ಸ್ಪಷ್ಟವಿರಬೇಕು. ಇಲ್ಲದಿದ್ದರೆ ತೇವದ ಲೆಕ್ಕ ಮೂರನೆಯ ಸಲವೂ ನುಸುಳೀತು.

ಐದನೆಯದು ದಿನಾಂಕ. ಹಾಲಿನ ಒಕ್ಕೂಟವು ದರ ಬದಲಿಸಿದಾಗ ಯಾವ ತಾರೀಖಿನ ಬೆಳಗಿನಿಂದ ಎಂದು ಸಂಘಗಳಿಗೆ ತಿಳಿಸಬೇಕಾಗುತ್ತದೆ, ಏಕೆಂದರೆ ಅಲ್ಲಿ ಒಂದು ಹೊತ್ತಿಗೂ ಬೆಲೆಯಿದೆ. ನಮ್ಮಲ್ಲಿ ಸರಕು ತಂದ ದಿನ, ಮಾದರಿ ನೋಡಿದ ದಿನ, ಬಿಲ್ಲು ಬರೆದ ದಿನ ಮೂರೂ ಬೇರೆಬೇರೆ ಇರುತ್ತವೆ. ದರ ಏರಿಳಿಯುವ ವಾರದಲ್ಲಿ ಯಾವ ದಿನದ ದರವೆಂಬುದೇ ಸಾವಿರಾರು ರೂಪಾಯಿಯ ಪ್ರಶ್ನೆ. ಹೊಸ ದರ ಹಾಕಿದಾಗ ಹಳೆಯ ದರವನ್ನು ಅಳಿಸಕೂಡದು. ಅದಕ್ಕೆ ಕೊನೆಯ ದಿನಾಂಕ ಹಾಕಿ ಹಾಗೆಯೇ ಉಳಿಸಬೇಕು. ಹಾಗಿದ್ದರೆ ಮಾತ್ರ ಹಳೆಯ ಬಿಲ್ಲನ್ನು ಎಂದಾದರೂ ತೆಗೆದು ತಾಳೆ ನೋಡಬಹುದು.

ಆರನೆಯದು ಓದು ಸಿಕ್ಕದಿದ್ದಾಗ. ಕರೆಂಟು ಹೋಗಿ, ತಂತಿ ಸಡಿಲವಾಗಿ, ಪರೀಕ್ಷೆಯ ಯಂತ್ರದ ಅಂಕಿ ಗಣಕಯಂತ್ರಕ್ಕೆ ಮುಟ್ಟದೆ ಹೋಗಬಹುದು. ಆಗ ಅದು ಸೊನ್ನೆಯೆಂದು ಹಿಡಿದರೆ ಸದಸ್ಯನಿಗೆ ಅನ್ಯಾಯ, ಹಿಂದಿನವರ ಅಂಕಿಯನ್ನೇ ಹಿಡಿದರೆ ಇಬ್ಬರಲ್ಲೊಬ್ಬರಿಗೆ ಅನ್ಯಾಯ. ಅಂಥ ಸಮಯದಲ್ಲಿ ಬಿಲ್ಲು ಬರೆಯದೆ ನಿಲ್ಲುವಂತೆ ನಿಯಮವಿರಬೇಕು. ಕೈಯಿಂದ ಅಂಕಿ ಬರೆದರೆ ಚೀಟಿಯ ಮೇಲೆ "ಕೈಬರಹದ ಅಂಕಿ" ಎಂದು ಕಾಣಬೇಕು.

ಬೆಲೆ ಬೇರೆ, ಕಡಿತ ಬೇರೆ

ಹಾಲಿನ ಬಟವಾಡೆಯಲ್ಲಿ ಮೆಚ್ಚತಕ್ಕ ಇನ್ನೊಂದು ಪದ್ಧತಿಯಿದೆ. ಹಾಲಿನ ಬೆಲೆಯನ್ನು ಮೊದಲು ಪೂರ್ತಿ ತೋರಿಸಿ, ಪಶು ಆಹಾರದ ಬಾಕಿಯನ್ನೋ ಸಾಲದ ಕಂತನ್ನೋ ಅದರ ಕೆಳಗೆ ಬೇರೆ ಸಾಲಿನಲ್ಲಿ ಕಳೆಯುವುದು. ಸರ್ಕಾರದ ಪ್ರೋತ್ಸಾಹಧನವೂ ಹಾಗೆಯೇ ಬೇರೆ. ರಾಜ್ಯ ಸರ್ಕಾರವು ಲೀಟರಿಗೆ 2008ರಲ್ಲಿ 2 ರೂ., 2013ರಲ್ಲಿ 4 ರೂ., 2016ರಲ್ಲಿ 5 ರೂ. ಎಂದು ಅದನ್ನು ಏರಿಸುತ್ತ ಬಂತು. ಆ ಹಣ ಬರುವ ದಾರಿ ಬೇರೆ, ಬರುವ ಸಮಯ ಬೇರೆ. ಅದನ್ನು ದರದಲ್ಲಿಯೇ ಬೆರೆಸಿದರೆ ಸಂಘ ಕೊಟ್ಟದ್ದೆಷ್ಟು, ಸರ್ಕಾರ ಕೊಟ್ಟದ್ದೆಷ್ಟು ಎಂಬುದು ಯಾರಿಗೂ ತಿಳಿಯದು. ನಮ್ಮಲ್ಲಿಯೂ ಗೊಬ್ಬರದ ಬಾಕಿ, ಮುಂಗಡದ ಬಡ್ಡಿ, ಹಮಾಲಿ ಇವು ಒಂದೊಂದು ಸಾಲಿನಲ್ಲಿ ಬರಲಿ. ಕಾಫಿಯ ದರದ ಒಳಗೆ ಯಾವುದೂ ಅಡಗಿರಬಾರದು.

ಸಂಘದ ಹಲ್ಲರ್, ಸಿಂಪರಣೆಯ ಪಂಪು, ಮರ ಏರುವ ಯಂತ್ರ ಇವುಗಳ ಬಾಡಿಗೆಗೂ ಇದೇ ಕ್ರಮ ಸಾಕು. ಯಂತ್ರದ ಜಾತಿ, ದಿನವೋ ಗಂಟೆಯೋ, ಸದಸ್ಯನೋ ಅಲ್ಲವೋ ಎಂಬ ಮೂರು ಅಂಶಗಳ ಮೇಲೆ ದರ ನಿಲ್ಲಿಸಿ, ತಡವಾಗಿ ತಂದರೆ ಏನೆಂಬುದನ್ನು ಸೇರಿಸಿದರೆ ಆಯಿತು.

ನಿಯಮ ಯಾರದು, ಕೈ ಯಾರದು

ಯಂತ್ರಕ್ಕೆ ನಿಯಮ ತುಂಬುವವರು ಸಾಮಾನ್ಯವಾಗಿ ಹೊರಗಿನಿಂದ ಬರುವ ತಂತ್ರಜ್ಞರು. ಅವರಿಗೆ ಕಾಫಿ ಗೊತ್ತಿಲ್ಲ, ನಮಗೆ ಯಂತ್ರ ಗೊತ್ತಿಲ್ಲ. ಈ ನಡುವಿನ ಜಾಗದಲ್ಲಿಯೇ ತಪ್ಪು ಹುಟ್ಟುತ್ತದೆ. ಆದುದರಿಂದ ನಿಯಮವನ್ನು ಮೊದಲು ಕನ್ನಡದಲ್ಲಿ, ಕಾಗದದ ಮೇಲೆ, ಒಬ್ಬ ಸಾಮಾನ್ಯ ಸದಸ್ಯನಿಗೆ ಅರ್ಥವಾಗುವಂತೆ ಬರೆಯತಕ್ಕದ್ದು. ಆಡಳಿತ ಮಂಡಳಿ ಅದನ್ನು ಓದಿ ನಿರ್ಣಯ ಮಾಡಿದ ಮೇಲೆ ಯಂತ್ರಕ್ಕೆ ಹೋಗಬೇಕು. ಒಬ್ಬರು ಬದಲಿಸಿದ್ದನ್ನು ಇನ್ನೊಬ್ಬರು ಒಪ್ಪಿದ ಹೊರತು ಅದು ಜಾರಿಗೆ ಬರಬಾರದು. ಯಾರು, ಯಾವಾಗ, ಏನನ್ನು ಏನಕ್ಕೆ ಬದಲಿಸಿದರು ಎಂಬುದು ಯಂತ್ರದಲ್ಲಿ ಅಳಿಯದಂತೆ ದಾಖಲಾಗಬೇಕು.

ಜಾರಿಗೆ ತರುವ ಮುನ್ನ ಕಳೆದ ವರ್ಷದ 20 ಬಿಲ್ಲುಗಳನ್ನು ಆರಿಸಿ ಕೈಲೆಕ್ಕದೊಂದಿಗೆ ತಾಳೆ ನೋಡಬೇಕು. ಆರಿಸುವಾಗ ಸುಲಭದ ಬಿಲ್ಲುಗಳನ್ನೇ ಆರಿಸಬಾರದು. ತೇವ ಸರಿಯಾಗಿ 11 ಇದ್ದದ್ದು, ತೀರ ಹಸಿಯಾಗಿದ್ದದ್ದು, ಔಟ್‌ಟರ್ನ್ ತೀರ ಕಡಿಮೆ ಬಂದದ್ದು, ದರ ಬದಲಾದ ದಿನದ್ದು, ಅರ್ಧ ಮೂಟೆಯದ್ದು, ಇಂಥವು ಇರಲಿ. ಅನಂತರ ಹದಿನೈದು ದಿನ ಕೈಲೆಕ್ಕ, ಯಂತ್ರದ ಲೆಕ್ಕ ಎರಡೂ ಜೊತೆಯಾಗಿ ನಡೆಯಲಿ.

ಇಷ್ಟಾದರೂ ನಿಯಮವು ಅಳತೆಗಿಂತ ಮೇಲಲ್ಲ. ಹಾಲು ಪರೀಕ್ಷೆಯ ಯಂತ್ರವನ್ನು ಆಗಾಗ ಗರ್ಬರ್ ಪರೀಕ್ಷೆಯೊಂದಿಗೆ ತಾಳೆ ನೋಡಬೇಕಾಗುತ್ತದೆ. ಹಾಗೆಯೇ ನಮ್ಮ ತೇವಾಂಶ ಮಾಪಕವನ್ನೂ ತಾಳೆ ನೋಡುತ್ತಿರಬೇಕು, ತಕ್ಕಡಿಗೆ ವರ್ಷವರ್ಷ ಇಲಾಖೆಯ ಮುದ್ರೆ ಬಿದ್ದಿರಬೇಕು. ಮಾದರಿ ತೆಗೆಯುವಾಗ ಒಂದೇ ಮೂಟೆಯ ಬಾಯಿಗೆ ಕೈ ಹಾಕದೆ ಎಲ್ಲ ಮೂಟೆಗಳಿಂದ, ಮೇಲೆ, ನಡುವೆ, ಕೆಳಗೆ ತೆಗೆಯಬೇಕು. ಮಾದರಿ ತಪ್ಪಾದರೆ ಎಷ್ಟು ಒಳ್ಳೆಯ ನಿಯಮವಾದರೂ ತಪ್ಪು ಬೆಲೆಯನ್ನೇ ಚೊಕ್ಕಟವಾಗಿ ಬರೆದುಕೊಡುತ್ತದೆ.

ಸದಸ್ಯರಿಗೆ ವಿನಂತಿ

ನಿಮ್ಮ ಚೀಟಿಯಲ್ಲಿ ತೂಕ, ತೇವಾಂಶ, ಔಟ್‌ಟರ್ನ್, ಯಾವ ದಿನದ ದರ, ಕೂಡಿದ್ದು, ಕಳೆದದ್ದು ಇವೆಲ್ಲ ಇರಬೇಕು. ಬರಿಯ ಮೊತ್ತವಿರುವ ಚೀಟಿಯನ್ನು ಒಪ್ಪಬೇಡಿರಿ. ಮನೆಗೆ ಹೋಗಿ ಒಮ್ಮೆ ಕೈಲೆಕ್ಕ ಮಾಡಿರಿ, ಅಥವಾ ಶಾಲೆಗೆ ಹೋಗುವ ಮಕ್ಕಳಿಂದ ಮಾಡಿಸಿರಿ. ಅಂತರ ಕಂಡರೆ ಸಂಕೋಚವಿಲ್ಲದೆ ಕಚೇರಿಗೆ ಬನ್ನಿರಿ. ಕೇಳಿದವರನ್ನು ಅನುಮಾನದ ಮನುಷ್ಯರೆಂದು ಕಾಣುವ ರೂಢಿ ನಮ್ಮಲ್ಲಿ ಬೆಳೆಯಬಾರದು. ಸಂಘದ ಬಿಲ್ಲಿನ ಮೇಲೆ ನಂಬಿಕೆ ಹೋದ ಸಣ್ಣ ಬೆಳೆಗಾರನು ಮುಂದಿನ ವರ್ಷ ಮೂಟೆಯನ್ನು ಮನೆಬಾಗಿಲಿಗೆ ಬರುವ ವ್ಯಾಪಾರಿಗೇ ಕೊಡುತ್ತಾನೆ, ಅಲ್ಲಿ ಚೀಟಿಯೂ ಇರುವುದಿಲ್ಲ.

ದರದ ನಿಯಮಗಳ ಕನ್ನಡ ಪ್ರತಿಯನ್ನು ಕಚೇರಿಯ ಗೋಡೆಗೆ ಹಾಕಬೇಕೆಂದೂ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಓದಿ ಹೇಳಬೇಕೆಂದೂ ನಾವು ಆಡಳಿತ ಮಂಡಳಿಯನ್ನು ಕೋರಿದ್ದೇವೆ. ಸದಸ್ಯ ಬಾಂಧವರು ಆ ಸಭೆಗೆ ತಮ್ಮ ಹಳೆಯ ಬಿಲ್ಲುಗಳನ್ನು ತಪ್ಪದೆ ತರಬೇಕೆಂದು ವಿನಂತಿ.